ಹುಲಿಗಾಲಿನ ಮಂಚ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹಂಸಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಬಲು ಮೃದು ಮನಸ್ಸಿನವರು. ಯಾರಾದರೂ ಹಾಸಿಗೆ ಹಿಡಿದರೆ ಬರಿಗೈಲಿ ನೋಡಲು ಹೋಗುತ್ತಿರಲಿಲ್ಲ, ಒಂದೊಂದು ದಿಂಬು ಒಯ್ಯುತ್ತಿದ್ದರು. ಪ್ರೀತಿ ಹೆಚ್ಚಿದಷ್ಟೂ ದಿಂಬು ದಪ್ಪ.

ರಾಜಕುಮಾರ ಇಂದುಧರ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅರಮನೆಗೆ ದಿಂಬುಗಳ ಮೆರವಣಿಗೆಯೇ ಬಂತು. ಅದರ ಹಿಂದೆಯೇ ವೈದ್ಯನ ವೇಷದಲ್ಲಿ ಮಂದಕೇತು ಎಂಬ ಮಾಂತ್ರಿಕನೂ ಬಂದ. ಅವನು ತಂದದ್ದು ಒಂದು ಮಂಚ. ಅದಕ್ಕೆ ಹುಲಿಯ ಕಾಲಿನಂತೆ ಕೆತ್ತಿದ ನಾಲ್ಕು ಸಣಕಲು ಕಾಲುಗಳಿದ್ದವು.

"ರಾಜಕುಮಾರರು ಇದರ ಮೇಲೆ ಅಲುಗಾಡದೆ ಮಲಗಿರಲಿ," ಎಂದು ಹೇಳಿ ಹೋದ.

ಒಂದೂವರೆ ತಿಂಗಳಿಗೆ ಮೂಳೆ ಕೂಡಿತು. "ಇನ್ನು ಏಳಲೇನಮ್ಮಾ?" ಎಂದು ಇಂದುಧರ ಕೇಳಿದ.

"ಬೇಡ ಕಂದಾ," ಎಂದಳು ರಾಣಿ ಚಾರುಮತಿ, ಕಣ್ಣೊರೆಸಿಕೊಳ್ಳುತ್ತ. "ವೈದ್ಯರು ಬೇಡ ಅಂದಿದ್ದಾರೆ. ಇನ್ನೊಂದು ದಿಂಬು ಇಡಲಾ?"

ಮೂರು ಹುಣ್ಣಿಮೆ ಕಳೆದವು. ತೊಡೆ ಸೊರಗಿತು, ಮೊಣಕಾಲು ಬಿಗಿಯಿತು, ಬೆನ್ನಿನಲ್ಲಿ ಹುಣ್ಣೆದ್ದಿತು. ಕತ್ತೆತ್ತಿದರೆ ಕೋಣೆ ಗಿರ್ರನೆ ತಿರುಗುತ್ತಿತ್ತು, ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಒಂದು ದಿನ ದಿಂಬುಗಳು ಜಾರಿಬಿದ್ದಾಗ ಅವನು ಮಂಚದ ಕಾಲುಗಳನ್ನು ಕಂಡ. ಅವು ಕೊಬ್ಬಿದ್ದವು. ಮರದ ಮೇಲೆ ರೋಮ ಮೂಡಿತ್ತು, ಉಗುರು ಬೆಳೆದಿತ್ತು.

"ನಿನ್ನ ಬಲವೆಲ್ಲ ನನಗೆ ಬಂತು," ಎಂದಿತು ಮಂಚ. "ಬರುವ ಹುಣ್ಣಿಮೆಗೆ ನಿನ್ನನ್ನು ಹೊತ್ತು ಮಂದಕೇತುವಿನ ಗುಹೆಗೆ ನಡೆಯುತ್ತೇನೆ. ಆಮೇಲೆ ನೀನು ಎಂದೂ ಏಳುವುದಿಲ್ಲ."

ಇಂದುಧರ ಹೆದರಿದ. ಹೇಳಿದರೆ ಯಾರೂ ನಂಬಲಿಲ್ಲ. ಮಲಗಿ ಮಲಗಿ ತಲೆ ಕೆಟ್ಟಿದೆ ಎಂದು ಮರುಗಿ, ಮತ್ತಷ್ಟು ದಿಂಬು ತಂದರು.

ಆಗ ಬಂದವಳು ಬೊಮ್ಮಜ್ಜಿ, ರಾಣಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ. ಅವಳ ಕೈಯಲ್ಲಿ ಎಣ್ಣೆಬಟ್ಟಲಿತ್ತು. ರಾಜಕುಮಾರನ ಕಾಲು ಮುಟ್ಟಿ ನೋಡಿ ಬೆಚ್ಚಿದಳು.

"ಅಯ್ಯೋ ನನ್ನಪ್ಪಾ! ಹುಟ್ಟಿದ ದಿನ ಇದಕ್ಕಿಂತ ದಪ್ಪ ಇತ್ತಲ್ಲೋ!"

ಅವನು ಹೇಳಿದ್ದನ್ನೆಲ್ಲ ಅವಳು ನಂಬಿದಳು. "ಬಲ ಮೊದ್ಲು ಬಂದ ದಾರೀಲೇ ಮತ್ತೆ ಬರ್ಬೇಕು ಮಗಾ. ಕೂಸು ಮಗ್ಗುಲಾಗ್ತದೆ, ಕೂರ್ತದೆ, ನಿಲ್ತದೆ. ನೀನೂ ಹಂಗೇ. ಆತುರ ಬ್ಯಾಡ, ಸೋಮಾರಿತನವೂ ಬ್ಯಾಡ." ಸೂಲಗಿತ್ತಿಯ ಮಾತು ತೆಗೆದುಹಾಕಲಾರದೆ ರಾಣಿ ಒಪ್ಪಿದಳು.

ಮೊದಲು ಮಗ್ಗುಲಾಗುವ ಕೆಲಸ. ಮಂಚ "ಮಲಗು, ಮಲಗು" ಎಂದು ಜೋಗುಳ ಹಾಡಿತು. ಅಜ್ಜಿ ಎಣ್ಣೆ ಸವರಿ ಪಾದ, ಮೊಣಕಾಲು ಆಡಿಸಿದಳು. ವಾರ ಕಳೆಯುವಷ್ಟರಲ್ಲಿ ಇಂದುಧರ ತಾನೇ ಹೊರಳಿದ. ಹುಣ್ಣಿಗೆ ಗಾಳಿಯಾಡಿತು. ಮಂಚದ ಒಂದು ಕಾಲು ಸಣ್ಣಗಾಯಿತು.

ಆಮೇಲೆ ಕೂರುವ ಕೆಲಸ. ಮಂಚ ಗುರುಗುಟ್ಟಿ ಕೋಣೆಯನ್ನೇ ಬುಗುರಿಯಂತೆ ತಿರುಗಿಸಿತು. "ಕಣ್ಣು ಮುಚ್ಬ್ಯಾಡ. ಕಾಲು ಇಳಿಬಿಡು. ಉಸಿರು ಎಳ್ಕೋ," ಎಂದಳು ಅಜ್ಜಿ. ಅವನು ಕೂತ, ಬಿದ್ದ, ಮತ್ತೆ ಕೂತ. ಕೊನೆಗೆ ಕೂತೇ ಒಂದು ಬಟ್ಟಲು ಗಂಜಿ ಕುಡಿದ. ಮಂಚದ ಇನ್ನೆರಡು ಕಾಲು ಸೊರಗಿದವು.

ಹುಣ್ಣಿಮೆಯ ಬೆಳಗ್ಗೆ ಮಂದಕೇತು ಬಂದ. ಮಂಚದ ಉಳಿದ ಒಂದೇ ಕಾಲು ಉಗುರು ಊರಿ, ಹೆಜ್ಜೆಯೆತ್ತಲು ಹವಣಿಸುತ್ತಿತ್ತು.

"ಅದಕ್ಕಿಂತ ಮುಂಚೆ ನೀನು ನಡಿ ಮಗಾ," ಎಂದಳು ಅಜ್ಜಿ. ಇಂದುಧರ ಎದ್ದು ನಿಂತ. ಮೈಯೆಲ್ಲ ಗಡಗಡ ನಡುಗಿತು.

ಮಾಂತ್ರಿಕ ರೇಗಲಿಲ್ಲ. ಜೇನಿನಂಥ ದನಿಯಲ್ಲಿ, "ಮಹಾರಾಣಿ, ಮಗ ಬೀಳುತ್ತಾನೆ. ಹಿಡಿದು ಮಲಗಿಸಿ," ಎಂದ.

ಬಾಗಿಲಲ್ಲಿದ್ದ ರಾಣಿ ಓಡಿ ಬಂದೇಬಿಡುತ್ತಿದ್ದಳು.

"ಅಮ್ಮಾ, ಅಲ್ಲೇ ನಿಲ್ಲು. ನಾನೇ ಬರ್ತೀನಿ."

ರಾಣಿ ನಿಂತಳು. ಅವಳು ಆ ತನಕ ಮಾಡಿದ ಕೆಲಸಗಳಲ್ಲೆಲ್ಲ ಅದೇ ಕಷ್ಟದ್ದು. ತುಟಿ ಕಚ್ಚಿಕೊಂಡು, ಎರಡೂ ತೋಳು ಚಾಚಿದಳು. ಇಂದುಧರ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಮೂರನೆಯದಕ್ಕೆ ಮಂಚ ಮುರಿದು ಪುಡಿಯಾಯಿತು. ಮಂದಕೇತು ಬೂರುಗದ ಹತ್ತಿಯಾಗಿ ಕಿಟಕಿಯಿಂದ ಹಾರಿಹೋದ. ಇಂದುಧರ ಅದನ್ನು ನೋಡಲೂ ಇಲ್ಲ, ಅವನ ಕಣ್ಣು ಅಮ್ಮನ ಮೇಲಿತ್ತು. ನಡೆದುಹೋಗಿ ಅವಳ ತೋಳಿಗೆ ಬಿದ್ದ.

"ಕಾಲು ನೋಯ್ತಿದೆಯಾ ಕಂದಾ?"

"ತುಂಬಾ ನೋಯ್ತಿದೆ ಅಮ್ಮಾ," ಎಂದು ಅವನು ನಕ್ಕ. "ಕಾಲು ಇದೆ ಅಂತ ಈಗ ಗೊತ್ತಾಗ್ತಿದೆ."

ಅವನು ಓಡುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಓಡಿದ ದಿನ ಹಂಸಗಿರಿಯ ಜನರೆಲ್ಲ ಅವನ ಜೊತೆ ಓಡಿದರು, ದಣಿದರು, ಉಂಡರು, ಬಹುಕಾಲ ಸುಖವಾಗಿ ಬಾಳಿದರು.