ಹುಳಮನೆಯ ಸಿಡಿ

“ಇದೇನಮ್ಮಾ, ಸರಸರ ಅಂತ ಮಳೆ ಬಂದಂಗೈತೆ?” ರಾಮನಗರದ ಸಿಡಿ ಅಂಗಡಿಯ ಶುಕೂರಣ್ಣ ಹೆಡ್‌ಫೋನ್ ತೆಗೆದು ಕೇಳಿದ.

ಪುಟ್ಟಿ ಅಕ್ಕನ ಬೆನ್ನ ಹಿಂದೆ ಸರಿದಳು.

ಎಂಥಾ ದಿನ ಇದು! ಅಕ್ಕ ಭಾನುಪ್ರಿಯ ಮತ್ತು ಮಾವನ ಮಗ ಬೈರೇಶ್, ಇಬ್ಬರ ಬ್ಯಾಂಡಿನ ಮೊದಲ ಸಿಡಿ ಇವತ್ತೇ ರಿಲೀಸ್. ಅಕ್ಕ ಗಿಟಾರ್ ಹಿಡಿದು ಹಾಡುತ್ತಾಳೆ, ಬೈರೇಶ್ ಡ್ರಮ್ ಬಡಿಯುತ್ತಾನೆ. ಇಬ್ಬರೂ ಬಿಡದಿಯ ಫ್ಯಾಕ್ಟರಿಗೆ ಹೋಗುವವರು. ಮಿಷನ್ನುಗಳ ಧಡಧಡವೇ ಅವರ ಹಾಡಿಗೆ ತಾಳ.

ಬ್ಯಾಂಡಿನ ಹೆಸರು ‘ನಾಲ್ಕನೇ ಜ್ವರ’. ರೇಷ್ಮೆಹುಳ ನಾಲ್ಕನೇ ಸಲ ಪೊರೆ ಬಿಡುವುದಕ್ಕೆ ಊರಲ್ಲಿ ಹಾಗೆನ್ನುತ್ತಾರೆ. ಆ ಜ್ವರದಿಂದ ಎದ್ದ ಹುಳದ ಹಸಿವು ಮಾತ್ರ ಕೇಳಲೇಬೇಡಿ!

“ನಮ್ದು ಪೋಸ್ಟ್ ಪಂಕ್ ಅನ್ನೋ ಥರದ ಮ್ಯೂಸಿಕ್ ಕಣಣ್ಣಾ,” ಎಂದ ಬೈರೇಶ್.

“ಪೋಸ್ಟಾಫೀಸಿಂದಾ?” ಶುಕೂರಣ್ಣ ನಕ್ಕ. “ಇರು, ಈ ಸದ್ದು ತೆಗೆದುಬುಡ್ತೀನಿ.”

ಅಕ್ಕ ಏನೋ ಹೇಳಹೊರಟಳು. ಅಷ್ಟರಲ್ಲಿ ಶುಕೂರಣ್ಣ ಮೌಸ್ ಒತ್ತಿಯಾಗಿತ್ತು. ಸರಸರ ಸದ್ದೇನೋ ಹೋಯಿತು, ಆದರೆ ಅಕ್ಕನ ದನಿ ಕೊಡದೊಳಗೆ ಕೂತು ಹಾಡಿದಂತೆ ಆಯಿತು.

ಆಗಲೇ ಮೂರು ಗಂಟೆ. ಐದಕ್ಕೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮಹಡಿಯಲ್ಲಿ ರಿಲೀಸ್, ಫ್ಯಾಕ್ಟರಿಯವರೆಲ್ಲ ಬರುತ್ತಾರೆ.

“ನಂದೇ ತಪ್ಪು. ಕೆಟ್ಟೋಗಿರೋ ಮೈಕ್ ತಂದ್ಬುಟ್ಟೆ,” ಎಂದು ಬೈರೇಶ್ ತಲೆ ಚಚ್ಚಿಕೊಂಡ.

ಪುಟ್ಟಿಗೆ ತಡೆಯಲಾಗಲಿಲ್ಲ. “ಮೈಕಲ್ಲ ಬಾವಾ, ಅದು ಹುಳ ಮೇಯೋ ಸದ್ದು! ನೀವು ಹುಳಮನೇಲಿ ರೆಕಾರ್ಡ್ ಮಾಡ್ತಿದ್ರಲ್ಲಾ, ಮುಗಿಯೋಗಂಟ ಸೊಪ್ಪು ಹಾಕ್ಬ್ಯಾಡ ಅಂದಿದ್ಲು ಅಕ್ಕ. ಹುಳ ಎಲ್ಲಾ ತಲೆ ಎತ್ಕೊಂಡು ನನ್ನೇ ನೋಡ್ತಿದ್ವು. ಹಾಕ್ಬುಟ್ಟೆ.” ಅವಳ ಕಣ್ಣು ತುಂಬಿತು.

“ನಂಗೊತ್ತಿತ್ತು ಕಣೇ,” ಎಂದಳು ಅಕ್ಕ. “ಎರಡ್ನೇ ಹಾಡಲ್ಲೇ ಕೇಳುಸ್ತು.”

“ಮತ್ಯಾಕೆ ನಿಲ್ಲುಸ್ಲಿಲ್ಲ?”

“ಉಣ್ಣೋರ್ನ ಎಬ್ಬುಸ್ತಾರೇನೇ?” ಅಕ್ಕ ಶುಕೂರಣ್ಣನ ಕಡೆ ತಿರುಗಿದಳು. “ಅಣ್ಣಾ, ಮೊದ್ಲು ಹೆಂಗಿತ್ತೋ ಹಂಗೇ ರೈಟ್ ಮಾಡಿ. ಐವತ್ತು ಸಿಡೀನೂ.”

ಮೊದಲ ಸಿಡಿ ಬೆಚ್ಚಗೆ ಹೊರಬಂತು. ಬೈರೇಶ್ ಕುಣಿದೇಬಿಟ್ಟ! ಅದನ್ನು ಮತ್ತೆ ಹಾಕಿಸಿ ಪುಟ್ಟಿಯ ಕಿವಿಗೆ ಹೆಡ್‌ಫೋನ್ ಇಟ್ಟ.

ಮೂರನೇ ಹಾಡಿನ ನಡುವೆ ಗಿಟಾರ್, ಡ್ರಮ್ ಎರಡೂ ಗಪ್ಪನೆ ನಿಂತವು. ಹುಳಗಳು ಮಾತ್ರ ತಿನ್ನುತ್ತಿದ್ದವು, ಸರಸರ ಸರಸರ. ಪ್ರಾಕ್ಟೀಸ್ ಮಾಡುವಾಗೆಲ್ಲ ಅಕ್ಕ ಇಲ್ಲಿ ನಾಲ್ಕು ಎಣಿಸಿ ಹಾಡು ಎತ್ತಿಕೊಳ್ಳುತ್ತಿದ್ದಳು.

ಪುಟ್ಟಿ ಬೆರಳು ಮಡಚಿ ಎಣಿಸಿದಳು. ನಾಲ್ಕು ಆಯಿತು. ಐದು, ಆರು, ಏಳು.

ಎಂಟಕ್ಕೆ ಅಕ್ಕನ ದನಿ ಬಂತು. ಅಲ್ಲಿಯವರೆಗೂ ಅವಳು ಬೇಕೆಂದೇ ಕಾದಿದ್ದಳು.