ದ್ವೀಪ ತಪ್ಪಿಸಿದ ಹಿಡಿಕೆ

"ನಂಗೆ ಪರಿಹಾರ ಬೇಡ ಅಮ್ಮಾ, ನಮ್ಮಕ್ಕ ಬೇಕು!" ಎಂದು ಪ್ರಯಾಣಿಕಳಾದ ಟೈಲರಮ್ಮ ಹಡಗಿನ ಕೋಣೆಯ ಬಾಗಿಲಲ್ಲೇ ಗೊಳೋ ಎಂದು ಅತ್ತಾಗ ಅಳಿಯನ ಕೈಯಲ್ಲಿದ್ದ ಚಹಾ ಅರ್ಧ ತಟ್ಟೆಗೆ ಇಳಿಯಿತು. ಅತ್ತೆ ಮಾತ್ರ ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಲಿಲ್ಲ.

ಅತ್ತೆ ವಿಮಾ ಕಂಪನಿಯ ತನಿಖಾಧಿಕಾರಿ. ಆ ಪುಟ್ಟ ಪ್ರವಾಸಿ ಹಡಗಿನ ಪ್ರಯಾಣಿಕರೆಲ್ಲ ಅದೇ ಕಂಪನಿಯ ಪಾಲಿಸಿ ಮಾಡಿಸಿದ್ದರಿಂದ, ಕಂಪನಿ ಆಕೆಯನ್ನು ಹಡಗಿನಲ್ಲೇ ಕೋಣೆ ಕೊಟ್ಟು ಕೂರಿಸಿತ್ತು. ಅಳಿಯ ಆಕೆಯ ಸಹಾಯಕ. "ಅಮ್ಮ ಯಾರ ಜೊತೆನೂ ಜಗಳ ಆಡದ ಹಾಗೆ ನೋಡ್ಕೊಳ್ಳಿ" ಎಂದು ಹೆಂಡತಿ ಅವನನ್ನು ಜೊತೆಗೆ ಅಟ್ಟಿದ್ದಳು. ಆ ಕೆಲಸದಲ್ಲಿ ಅವನು ದಿನವೂ ಸೋಲುತ್ತಿದ್ದ. ಆದರೂ ಅತ್ತೆಯಷ್ಟು ಬುದ್ಧಿವಂತರು ಭೂಮಿಯ ಮೇಲೆ ಬೇರಿಲ್ಲ ಎಂದು ಮನಸಾರೆ ನಂಬಿದ್ದ.

ಆ ದಿನ ಬೆಳಿಗ್ಗೆ ಹಡಗು ದ್ವೀಪದ ಎದುರು ಲಂಗರು ಹಾಕಿತ್ತು. ಅಲ್ಲಿ ನೀರು ಆಳವಿಲ್ಲ, ದಡಕ್ಕೆ ಹೋಗಲು ಸಣ್ಣ ದೋಣಿಯೇ ಬೇಕು. ದೋಣಿ ಇಳಿಸುವ ರಾಟೆಯ ಹಿಡಿಕೆ ನೋಡಿದರೆ ಮಾಯ! ಇದ್ದದ್ದೇ ಒಂದು, ಇನ್ನೊಂದು ಹಿಂದಿನ ಪ್ರವಾಸದಲ್ಲೇ ಸಮುದ್ರದ ಪಾಲಾಗಿತ್ತು. ಮಧ್ಯಾಹ್ನದವರೆಗೆ ಹುಡುಕಿ, ಕ್ಯಾಪ್ಟನ್ ತಲೆ ಚಚ್ಚಿಕೊಂಡು ಹಡಗನ್ನು ಮುಂದಿನ ಬಂದರಿನ ಕಡೆ ತಿರುಗಿಸಿದ. ಮರಳಿ ಹೋಗಲು ಹೊತ್ತು ಮೀರಿ, ದ್ವೀಪ ಕಣ್ಮರೆಯಾದ ಮೇಲೆ, ಚಹಾದ ಹೊತ್ತಿಗೆ, ಹಿಡಿಕೆ ತನ್ನ ಮೊಳೆಯ ಮೇಲೆ ಸಾಧುವಿನ ಹಾಗೆ ನೇತಾಡುತ್ತಿತ್ತು.

"ಅಕ್ಕ ಆ ದ್ವೀಪದಲ್ಲಿದಾಳೆ," ಎಂದು ಟೈಲರಮ್ಮ ಮೂಗು ಒರೆಸಿಕೊಂಡಳು. "ನಮ್ಮಪ್ಪನ ಗೋಡೆ ಗಡಿಯಾರ ಕಾಣೆಯಾಯ್ತು. ನಾನು ಬಚ್ಚಿಟ್ಟೆ ಅಂತ ಅವಳು, ಅವಳೇ ಹೊತ್ಕೊಂಡು ಹೋದ್ಲು ಅಂತ ನಾನು. ಮಾತು ಬಿಟ್ಟು ವರ್ಷಗಳೇ ಆದ್ವು. ಫೋನ್ ಮಾಡಿದ್ರೆ ನನ್ನ ದನಿ ಕೇಳಿ ಇಟ್ಬಿಡ್ತಾಳೆ. ಬಾಗಿಲಲ್ಲೇ ಹೋಗಿ ನಿಂತ್ರೆ ಎಲ್ಲಿಗೆ ಹೋಗ್ತಾಳೆ? ಅದಕ್ಕೇ ಬಂದೆ. ಈಗ ಮುಂದಿನ ಬಂದರಿಂದ ದ್ವೀಪಕ್ಕೆ ಹೋಗೋ ಖರ್ಚು ಪಾಲಿಸಿಲಿ ಸಿಗುತ್ತಂತಲ್ಲಾ?"

"ಸಿಗುತ್ತೆ," ಅಂದರು ಅತ್ತೆ. "ಹಡಗು ಒಂದು ಊರು ಬಿಟ್ಟು ಮುಂದೆ ಹೋದ್ರೆ ಎಲ್ರಿಗೂ ಪರಿಹಾರ ಇದೆ, ಆ ಊರಿಗೆ ಬೇರೆ ದಾರಿಲಿ ಹೋಗೋ ಖರ್ಚೂ ಇದೆ. ಆದ್ರೆ ತಪ್ಪಿಸಿದವರಿಗೆ ಇಲ್ಲ. ಅವರ ಜೊತೆ ಒಂದೇ ಪಾಲಿಸಿಲಿ ಇರೋರಿಗೂ ಇಲ್ಲ. ಯಾರು ತಪ್ಪಿಸಿದ್ರು ಅಂತ ಗೊತ್ತಾಗೋವರೆಗೂ ಯಾರಿಗೂ ಇಲ್ಲ. ನಡೀರಿ, ನೋಡೋಣ."

ಟೈಲರಮ್ಮನ ಕೋಣೆಯಲ್ಲಿ ಅವಳ ಗಂಡ ಹಾಸಿಗೆಯ ಮೇಲೆ ಮುದುರಿ ಕೂತಿದ್ದ. ಊರಿನಲ್ಲಿ ಸೈಕಲ್ಲು, ಸ್ಟವ್ವು, ಹೊಲಿಗೆ ಯಂತ್ರ ಎಲ್ಲವನ್ನೂ ಸರಿಮಾಡುವ ಅಂಗಡಿ ಅವನದು; ಹಡಗಿನವರೂ ರಿಪೇರಿ ಯಜಮಾನ ಎಂದೇ ಕರೆಯುತ್ತಿದ್ದರು. ಹಿಂದಿನ ದಿನ ಊಟದ ಮನೆಯಲ್ಲಿ ಅತ್ತೆಯ ಕನ್ನಡಕದ ಕಾಲು ಸಡಿಲವಾಗಿದ್ದು ಕಂಡು, ಕೇಳದೆಯೇ ಮೂಗಿನಿಂದ ಕಿತ್ತುಕೊಂಡು ಬಿಗಿಮಾಡಿ ಮತ್ತೆ ಮೂಗಿಗೇ ಏರಿಸಿದ್ದ. "ಹಡಗು ಒಂದೆರಡು ದಿನ ತಡವಾಗಿ ದ್ವೀಪ ಸೇರಿದ್ರೆ ಆಗಲ್ವಾ?" ಎಂದೂ ಕೇಳಿದ್ದ.

ಅತ್ತೆಯ ಚಪ್ಪಲಿಗೆ ಏನೋ ಚುಚ್ಚಿತು. ಬಗ್ಗಿ ತೆಗೆದರೆ ತೆಳ್ಳನೆಯ ಲೋಹದ ಸುರುಳಿ.

"ನಂದೇ, ಹಳೇ ಸಾಮಾನು," ಎಂದು ಯಜಮಾನ ಕೈ ಚಾಚಿದ. ಅತ್ತೆ ಕೊಟ್ಟುಬಿಟ್ಟರು.

ಹೊರಗೆ ಬಂದದ್ದೇ ಅಳಿಯನ ತಲೆ ಓಡತೊಡಗಿತು. "ಅತ್ತೆ, ಇದು ಹಡಗಿನ ಅಂಗಡಿಯವನದೇ ಕೆಲಸ. ದಡ ಸೇರಿದ ದಿನ ಅವನು ಅಂಗಡಿ ಮುಚ್ಚಬೇಕು. ಇವತ್ತು ನೋಡಿ, ವ್ಯಾಪಾರ ಕುದುರಿದೆ. ಇಲ್ಲಾಂದ್ರೆ ಆ ಮೂರು ಪಾಲಿಸಿ ಮಾವ."

ಮೂರು ಪಾಲಿಸಿ ಮಾವ ಎಂದರೆ ಮೂರು ಕಡೆ ವಿಮೆ ಮಾಡಿಸಿಕೊಂಡು, ಊರೊಂದು ತಪ್ಪಲಿ ಎಂದು ಹಡಗು ಹೊರಟ ದಿನದಿಂದ ಬಾಯಿಬಿಟ್ಟು ಹೇಳುತ್ತಿದ್ದ ಪುಣ್ಯಾತ್ಮ.

"ಮೊದ್ಲು ಹಿಡಿಕೆ ನೋಡೋಣ, ಅಳಿಯಂದ್ರೇ."

ದೋಣಿ ಮೇಸ್ತ್ರಿ ಹಿಡಿಕೆಯನ್ನು ರಾಟೆಗೆ ಸಿಕ್ಕಿಸಿ ತಿರುಗಿಸಿದ. ಮೊದಲ ಬಂದರಿನಲ್ಲಿ ಅದು ಲಟಲಟ ಎಂದು ಹಡಗಿಗೆ ಹಡಗನ್ನೇ ಎಬ್ಬಿಸಿತ್ತು. ಈಗ ತುಟಿಪಿಟಕ್ ಎನ್ನಲಿಲ್ಲ.

"ನೀವು ಸರಿ ಮಾಡಿದ್ರಾ?"

"ನಾನೆಲ್ಲಮ್ಮ ಮಾಡಲಿ! ಕೈಗೆ ಸಿಕ್ಕಿದ್ದೇ ಈಗ."

ಅತ್ತೆ ಮುಗುಳ್ನಕ್ಕರು. "ಎಲ್ರನ್ನೂ ಊಟದ ಮನೆಗೆ ಕರೀರಿ," ಅಂದರು. ಅಳಿಯ ಕೇಳಿದ್ದೇ ತಡ ಓಡಿದ.

ಎಲ್ಲರೂ ಸೇರಿದರು. ಅಂಗಡಿಯವನು ಬೆವರುತ್ತಿದ್ದ. ಮೂರು ಪಾಲಿಸಿ ಮಾವ ಕೈ ಹೊಸೆಯುತ್ತಿದ್ದ. ಟೈಲರಮ್ಮ ಗಂಡನ ತೋಳು ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದಳು.

"ಹಣಕ್ಕಾಗಿ ದ್ವೀಪ ತಪ್ಪಿಸೋರು ಹಿಡಿಕೇನ ಏನು ಮಾಡ್ತಾರೆ?" ಎಂದು ಅತ್ತೆ ಶುರುಮಾಡಿದರು. "ಸಮುದ್ರಕ್ಕೆ ಎಸೀತಾರೆ. ವಾಪಸ್ ತಂದು ನೇತುಹಾಕೋವಾಗ ಸಿಕ್ಕಿಬೀಳೋ ಅಪಾಯ ಅವರಿಗ್ಯಾಕೆ? ಹಾಗಾಗಿ ಅಂಗಡಿಯವರೇ, ಬೆವರು ಒರೆಸ್ಕೊಳ್ಳಿ. ಮಾವ, ನೀವೂ ಅಷ್ಟೇ. ಇದನ್ನ ಕದ್ದವರಿಗೆ ಸಾಮಾನು ಹಾಳುಮಾಡೋಕೆ ಮನಸ್ಸು ಬರಲಿಲ್ಲ. ಸಾಲದ್ದಕ್ಕೆ, ಬಚ್ಚಿಟ್ಟ ಹೊತ್ತಲ್ಲಿ ಅದರ ಲಟಲಟ ಸಹಿಸೋಕಾಗದೆ ಬಿಗಿ ಮಾಡಿಬಿಟ್ರು! ಈ ಹಡಗಲ್ಲಿ ಯಾರೂ ಕೇಳದೆ ಕಂಡವರ ಸಾಮಾನು ಸರಿ ಮಾಡೋ ಕೈ ಒಂದೇ."

ಅತ್ತೆ ಕನ್ನಡಕ ತೆಗೆದು ಅದರ ಕಾಲು ಅಲ್ಲಾಡಿಸಿ ತೋರಿಸಿದರು. ಅದು ಕದಲಲಿಲ್ಲ. ರಿಪೇರಿ ಯಜಮಾನನ ಮುಖ ಸುಣ್ಣದಂತಾಯಿತು.

"ಒಂದೆರಡು ದಿನ ತಡವಾಗಲಿ ಅಂತ ಅವರೇ ಕೇಳಿದ್ರು. ಯಾಕೆ? ನನ್ನ ಚಪ್ಪಲಿಗೆ ಸಿಕ್ಕಿದ್ದು ಗಡಿಯಾರದ ಸುರುಳಿ. ಅಕ್ಕ ತಂಗಿ ಎದುರುಬದುರು ಕೂತ್ರೆ, ಗಡಿಯಾರ ಇಬ್ಬರ ಹತ್ರನೂ ಇಲ್ಲ ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ಉಳಿಯೋರು ಯಾರು? ಯಜಮಾನರೇ, ಪೆಟ್ಟಿಗೆ ತೆಗೀತೀರಾ?"

ಯಜಮಾನ ಎದ್ದು ಕೈಮುಗಿದ. "ಪೆಟ್ಟಿಗೇಲೇ ಇದೆ. ಒಂದು ಕ್ಷಣ ನಿಂತಿತ್ತು ಅಂತ ಬಿಚ್ಚಿದೆ. ಸೈಕಲ್ಲಾದ್ರೆ ಕಣ್ಣು ಮುಚ್ಚಿ ಜೋಡಿಸ್ತೀನಿ. ಇದು ಕೂಡಿಕೊಳ್ಳಲೇ ಇಲ್ಲ! ಇವತ್ತು ನಾಳೆ ಅಂತ ವರ್ಷಗಳೇ ಹೋದ್ವು. ಹಡಗಲ್ಲಿ ಜೋಡಿಸಿ, ಇಬ್ಬರ ಕೈಗೂ ಕೊಟ್ಟು ಕಾಲಿಗೆ ಬೀಳೋಣ ಅಂತಿದ್ದೆ. ಒಂದು ಸುರುಳಿ ಬಾಕಿ ಉಳೀತು, ಅದಕ್ಕೇ ಹಿಡಿಕೆ ಬಚ್ಚಿಟ್ಟೆ."

ಟೈಲರಮ್ಮ ತೋಳು ಬಿಟ್ಟಳು. ಅವಳು ಕಿರುಚಿದ್ದರೆ ಚೆನ್ನಾಗಿತ್ತು ಎಂದು ಅಳಿಯನಿಗೆ ಅನಿಸಿತು. "ನಾನು ಅವಳನ್ನ ಕಳ್ಳಿ ಅಂದಿದ್ದೆ ಕಣ್ರೀ," ಎಂದಷ್ಟೇ ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೂರು ಪಾಲಿಸಿ ಮಾವ ಸಣ್ಣ ದನಿಯಲ್ಲಿ, "ಹಾಗಾದ್ರೆ ನಮಗೆಲ್ಲ ಪರಿಹಾರ ಬರುತ್ತಲ್ಲ?" ಎಂದ.

"ಬರುತ್ತೆ. ಬರದಿರೋದು ಒಂದೇ ಪಾಲಿಸಿಲಿರೋ ಇವರಿಬ್ಬರಿಗೆ ಮಾತ್ರ," ಎಂದು ಅತ್ತೆ ಗದರಿದರು. ತಪ್ಪೇ ಮಾಡದ ಹೆಂಗಸಿಗೆ ಅಕ್ಕ ಮತ್ತೆ ತಪ್ಪಿದಳಲ್ಲ ಎಂದು ಅಳಿಯ ಮರುಗಿದ.

ಅತ್ತೆ ಕ್ಯಾಪ್ಟನ್ನನ ಫೋನನ್ನು ಯಜಮಾನನ ಮುಂದೆ ತಳ್ಳಿದರು. "ತಂಗಿ ದನಿ ಕೇಳಿದ್ರೆ ತಾನೆ ಇಟ್ಬಿಡೋದು? ನೀವು ಮಾತಾಡಿ."

"ಅತ್ತಿಗೆ, ಗಡಿಯಾರ ನನ್ನ ಹತ್ರ ಇದೆ," ಎಂದ ಯಜಮಾನ ಫೋನನ್ನು ಕಿವಿಯಿಂದ ಮೊಳ ದೂರ ಹಿಡಿಯಬೇಕಾಯಿತು. ಆಕೆಯ ಬೈಗುಳ ಊಟದ ಮನೆಗೆಲ್ಲ ಕೇಳಿಸಿತು. ಕೊನೆಗೆ ದನಿ ಒಡೆದು, "ಅವಳು ಅಲ್ಲಿದಾಳಾ? ಅಲ್ಲೇ ಇರೋಕೆ ಹೇಳು. ನಾನೇ ಬರ್ತೀನಿ," ಎಂದಿತು.

ಮಾರನೆಯ ದಿನ ಬಂದರಿನ ಕಟ್ಟೆಯ ಮೇಲೆ ದ್ವೀಪದ ಲಾಂಚಿನಿಂದ ಇಳಿದ ಅಕ್ಕ, ತಂಗಿಯ ಮುಂದೆ ನಿಂತಳು. ಅಕ್ಕ ತಂಗಿಯ ಸೆರಗಿನ ಅಂಚು ಮುಟ್ಟಿ, "ನೀನೇ ಹೊಲಿದದ್ದಾ?" ಎಂದಳು. ತಂಗಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು. ಅಳಿಯನೂ ನಾಚಿಕೆ ಬಿಟ್ಟು ಅತ್ತ.

ಅಷ್ಟರಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ ಯಜಮಾನ ಕೊನೆಯ ಸುರುಳಿ ಕೂರಿಸಿದ. ಗಡಿಯಾರ ಢಣ್ ಎಂದಿತು. ಮತ್ತೆ ಢಣ್ ಎಂದಿತು. ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಅಕ್ಕ ತಂಗಿ ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿ, ಒಟ್ಟಿಗೆ ಅವನ ಕಡೆ ತಿರುಗಿದರು.

"ಅತ್ತೆ, ಪಾಪ, ಅವರಿಗೆ ಏನಾದ್ರೂ ರಕ್ಷಣೆ ಇದೆಯಾ?" ಎಂದ ಅಳಿಯ.

"ಇದಕ್ಕೆ ಯಾವ ಪಾಲಿಸಿಲೂ ಇಲ್ಲ, ಅಳಿಯಂದ್ರೇ," ಎಂದು ಅತ್ತೆ, ಚೆನ್ನಾಗಿ ಕಾಣಲೆಂದು ಕನ್ನಡಕ ಒರೆಸಿ ಹಾಕಿಕೊಂಡರು.