ಟಿಕೆಟ್ ಹಿಂದೆ ಬರೆದ ಎಂಬತ್ತು

ಸ್ವಲ್ಪ ತಡೀರಿ, ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ಅಂಜುಮಳದ್ದು ಇದೊಂದು ಕೇಳಿಬಿಡಿ, ಆಮೇಲೆ ಬೇಕಾದರೆ ಅವಳನ್ನು ಬೈಯಿರಿ.

"ಗಂಟಿಗೆ ಲಗೇಜ್ ಆಗ್ತದ್ರೀ. ಇಪ್ಪತ್ತು ಕೊಡ್ರಿ."

ಬಳಗಾನೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು. ಅಂಜುಮ್ ತಲೆ ಎತ್ತಿದಳು. ಎದುರಿಗೆ ಕಂಡಕ್ಟರ್ ಆಸೀಮ್, ತಿಂಗಳ ಹಿಂದಷ್ಟೇ ಈ ರೂಟಿಗೆ ಬಂದವನು. ಅವಳ ಕಾಲ ಬಳಿ, ತಾನೇ ಹೊಲಿದ ಬ್ಲೌಸುಗಳ ದೊಡ್ಡ ಗಂಟು.

ಹೆಂಗಸರಿಗೆ ಬಸ್ಸು ಫ್ರೀ. ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಇಷ್ಟು ದೊಡ್ಡ ಗಂಟು ತಂದದ್ದು ಇದೇ ಮೊದಲು, ಅದಕ್ಕೆ ದುಡ್ಡು ಕೊಡಬೇಕೆಂದು ಅವಳಿಗೇನು ಗೊತ್ತು? ದಾರದ ರೇಟು ಏರಿತ್ತು, ಸಿಲಿಂಡರ್ ಏರಿತ್ತು, ಅವಳಿಗೆ ಹೊಲಿಗೆ ಕೊಡುವ ಸಿಂಧನೂರಿನ ಅಂಗಡಿಯ ಕರೀಂಸಾಬ್ ಹುಕ್ಕಿನ ಖರ್ಚನ್ನೂ ಅವಳ ಮೇಲೆಯೇ ಹಾಕಿದ್ದ. ಪರ್ಸಿನಲ್ಲಿ ಇದ್ದದ್ದು ಆರು ರೂಪಾಯಿ.

"ಇವತ್ತ ಇಲ್ರೀ..." ಅಂದಳು, ಅವನಿಗಷ್ಟೇ ಕೇಳುವಂತೆ.

ಆದರೆ ಹಿಂದಿನ ಸೀಟಿನ ಪಕೀರಮ್ಮ ಬಿಡಬೇಕಲ್ಲ! "ಫ್ರೀ ಅಂದ್ರ ಸಾಕು, ಮನಿನ ಹೊತ್ಕೊಂಡ್ ಬರ್ತಾರ ನೋಡು."

ಬಸ್ಸೆಲ್ಲ ನಕ್ಕಿತು. ಅಂಜುಮಳ ಕಿವಿ ಕಾದವು.

ಆಸೀಮ್ ನಗಲಿಲ್ಲ. ಲಗೇಜ್ ಟಿಕೆಟ್ ಹರಿದು, ಅದರ ಹಿಂದೆ ಪೆನ್ನಿನಲ್ಲಿ ಏನೋ ಬರೆದು, ನಾಲ್ಕು ಜನಕ್ಕೆ ಕಾಣುವ ಹಾಗೆ ಅವಳ ಕೈಗಿಟ್ಟ. "ಇಳಿವಾಗ ನೋಡೋಣ್ರೀ" ಅಂದು ಮುಂದೆ ಹೋದ.

ಟಿಕೆಟ್ ಮೇಲೆ ಇಪ್ಪತ್ತು. ಹಿಂದೆ, ಗುಂಡಗೆ ಸುತ್ತು ಹಾಕಿದ ಎಂಬತ್ತು.

ದಂಡ... ಎಂಬತ್ತು ರೂಪಾಯಿ ದಂಡ! ಅದನ್ನೂ ಎಲ್ಲರೆದುರು ಬರೆದು ಕೊಟ್ಟನಲ್ಲ?

ಸಿಂಧನೂರು ಬಂದದ್ದೇ ತಡ, ಮುಂದಿನ ಬಾಗಿಲಿಂದ ಇಳಿದು ಓಡಿದಳು. ಹಿಂದೆ ಅವನ ಸೀಟಿ ಕೇಳಿತು. ತಿರುಗಲಿಲ್ಲ.

ಆಮೇಲೆ ಅವಳು ಆ ಬಸ್ಸು ಹತ್ತಲೇ ಇಲ್ಲ. ಸಾಲ ಮಾಡಿ ಟಂಟಂ ಆಟೋ ಹತ್ತಿದಳು, ಹೋಗಲು ಮೂವತ್ತು, ಬರಲು ಮೂವತ್ತು. ಬಸ್ಸಿನ ಟೈಮು ಬದಲಾಗಿದೆ ಎಂದು ತಾಯಿ ಸರ್ದಾರಬಿಗೆ ಸುಳ್ಳು ಹೇಳಿದಳು. ಹೊಲಿಗೆ ಮೆಷಿನ್ ತುಳಿಯುತ್ತಾ ಆಸೀಮನನ್ನು ಶಪಿಸಿದಳು. ಶಪಿಸುವಾಗಲೂ ಅವನ ನಗದ ಮುಖವೇ ಕಣ್ಣ ಮುಂದೆ. ಅದಕ್ಕೂ ನಾಚಿಕೆ.

ನಾಲ್ಕು ಸಲ ಹೋಗಿ ಬಂದ ಮೇಲೆ ಲೆಕ್ಕ ಹಾಕಿದಳು. ನೂರು ರೂಪಾಯಿಗೆ ಹೆದರಿ ಇನ್ನೂರ ನಲವತ್ತು ಕಳೆದಿದ್ದಳು! ತನ್ನ ಮೇಲೇ ಹೇಸಿಗೆಯಾಯಿತು.

ಕರೀಂಸಾಬ್ ಕೂಲಿ ಕೊಟ್ಟ ದಿನ ನೇರ ಬಸ್‌ಸ್ಟ್ಯಾಂಡಿಗೆ ಹೋದಳು. ಖಾಲಿ ಬಸ್ಸಿನಲ್ಲಿ ಆಸೀಮ್ ಒಬ್ಬನೇ ಕೂತಿದ್ದ. ನೂರರ ನೋಟು ಮುಂದೆ ಹಿಡಿದಳು.

"ಇಪ್ಪತ್ತು ಲಗೇಜ್, ಎಂಬತ್ತು ದಂಡ. ತಗೋರಿ."

"ದಂಡ? ಯಾವ ದಂಡ್ರೀ?"

ಮಡಚಿ ಮಡಚಿ ಸವೆದಿದ್ದ ಟಿಕೆಟ್ ತೋರಿಸಿದಳು. ಅವನು ನೋಡಿದ. ಅವಳ ಮುಖ ನೋಡಿದ.

"ಟಿಕೆಟ್ ಹಿಂದ ಕಂಡಕ್ಟರ್ ಬರಿಯೋದು ತಾ ಕೊಡೋ ಚಿಲ್ರಿರೀ, ಇಸ್ಗೊಳ್ಳೋದಲ್ಲ. ಎಲ್ಲಾರೂ ನಗಾಕತ್ತಿದ್ರು... ನೀವು ನೂರು ಕೊಟ್ಟೀರಿ, ನಾನ ಎಂಬತ್ತು ಕೊಡೋದು ಬಾಕಿ ಐತಿ ಅಂತ ಅವ್ರು ತಿಳ್ಕೊಳ್ಳಿ ಅಂತ ಬರದೆ."

ಪಕೀರಮ್ಮ ಅವತ್ತು ಮತ್ತೆ ಬಾಯಿ ತೆರೆದಿರಲಿಲ್ಲ ಎಂಬುದು ಅಂಜುಮಳಿಗೆ ಈಗ ನೆನಪಾಯಿತು. ತನ್ನ ಮಾನ ಉಳಿಸಿದವನನ್ನು ಅಷ್ಟು ದಿನ ಶಪಿಸಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗ ಭಾಳ ಬೈದೀನ್ರೀ," ಅಂದಳು. ಕಣ್ಣು ತುಂಬಿತ್ತು.

"ಬೈರಿ. ಬಸ್ಸಿಗೆ ಬರೋದು ಮಾತ್ರ ಬಿಡಬ್ಯಾಡ್ರಿ." ಅವನ ದನಿ ಸಣ್ಣದಾಯಿತು. "ನೀವು ಬಂದಾಗೆಲ್ಲಾ ಆಧಾರ್ ಕೇಳ್ತಿದ್ದೆ ನೋಡ್ರಿ... ಎರಡನೇ ಸಲಕ್ಕ ನಿಮ್ಮ ಹೆಸರು ಬಾಯಿಪಾಠ ಆಗಿತ್ತು."

ಅಂಜುಮಳ ಕಿವಿ ಮತ್ತೆ ಕಾದವು. ಈ ಸಲ ಓಡಬೇಕು ಅನ್ನಿಸಲಿಲ್ಲ. ನೋಟನ್ನು ಅವನ ಕೈಗಿಟ್ಟಳು. ಅವನು ಚೀಲದಿಂದ ಎಂಬತ್ತು ತೆಗೆದು ಹಿಡಿದ. ಅವಳು ಮುಟ್ಟಲಿಲ್ಲ.

"ಇಳಿವಾಗ ನೋಡೋಣ್ರೀ," ಅಂದಳು.

"ಎಲ್ಲಿ ಇಳೀತೀರಿ?"

"ನೀವು ಇಳಿಯೋ ಕಡೀನ."

ಈಗ ಹೇಳಿ. ಕೂಲಿಯ ದುಡ್ಡು, ಎಂಬತ್ತು ರೂಪಾಯಿ... ಅವಳ ಜಾಗದಲ್ಲಿ ನೀವಿದ್ದಿದ್ದರೆ ಆ ಚಿಲ್ಲರೆ ಇಸ್ಕೊಂಡುಬಿಡುತ್ತಿದ್ದಿರಾ?